ಮಧ್ಯರಾತ್ರಿಯ ಪಾಪನಿವೇದನೆ: ‘ದಿ ವೆಸ್ಟ್ ವಿಂಗ್’ ಮರಳಿ ನೋಡಿದಾಗ

ಗುರುಮಠದ ವಿದ್ಯಾರ್ಥಿಯಾಗಿದ್ದಾಗ ನಾನು ಬಹುವಾಗಿ ಮೆಚ್ಚಿದ್ದ ರಾಜಕೀಯ ಧಾರಾವಾಹಿಯೊಂದನ್ನು ಕಳೆದ ತಪಸ್ಸುಕಾಲದಲ್ಲಿ ಮತ್ತೆ ನೋಡಿದೆ. ಆ್ಯರನ್ ಸಾರ್ಕಿನ್ ರೂಪಿಸಿದ ‘ದಿ ವೆಸ್ಟ್ ವಿಂಗ್’ ಅಮೆರಿಕದ ಎನ್‌ಬಿಸಿ ವಾಹಿನಿಯಲ್ಲಿ 1999ರಿಂದ 2006ರವರೆಗೆ ಪ್ರಸಾರವಾಯಿತು. ಅದರ ಕೇಂದ್ರವ್ಯಕ್ತಿ ಜೋಸಾಯ ಬಾರ್ಟ್ಲೆಟ್ ಎಂಬ ಕಲ್ಪಿತ ಅಧ್ಯಕ್ಷ. ಮಾರ್ಟಿನ್ ಶೀನ್ ಅಭಿನಯಿಸಿದ ಈ ಪಾತ್ರ ನೊಬೆಲ್ ಪುರಸ್ಕೃತ ಅರ್ಥಶಾಸ್ತ್ರಜ್ಞ. ಒಂದು ಕಾಲಕ್ಕೆ ಗುರುವಾಗಲು ಬಯಸಿದ್ದ ಕಥೋಲಿಕ. ದೇವರೊಡನೆ ವಾದಿಸಬಲ್ಲ ರಾಜಕಾರಣಿಯನ್ನು ತೆರೆಯ ಮೇಲೆ ಕಂಡು ನಾವು ಕೆಲವು ಸಹಪಾಠಿಗಳು ಹಿಗ್ಗಿದ್ದೆವು. ದೀಕ್ಷೆಯ ನಂತರ, ಪಾಪನಿವೇದನೆಯ ಸಂಸ್ಕಾರವನ್ನು ಕುರಿತ ಪ್ರಬೋಧನೆಯೊಂದರಲ್ಲಿ ಅವನನ್ನು ಮಾದರಿಯಾಗಿ ಹೆಸರಿಸಿಯೂ ಇದ್ದೆ. ಅದು ತಪ್ಪಾಗಿತ್ತೆಂದು ಈಗ ತೋರುತ್ತಿದೆ. ಏಕೆ ಎಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ.

ನಾನು ಮಾತನಾಡುತ್ತಿರುವುದು 2000ದ ಫೆಬ್ರವರಿಯಲ್ಲಿ ಪ್ರಸಾರವಾದ ‘ಟೇಕ್ ದಿಸ್ ಸ್ಯಾಬತ್ ಡೇ’ ಎಂಬ ಕಂತಿನ ಬಗ್ಗೆ. ಸೈಮನ್ ಕ್ರೂಸ್ ಎಂಬಾತನಿಗೆ ಕೊಲೆಯ ಅಪರಾಧಕ್ಕಾಗಿ ಒಕ್ಕೂಟ ಸರ್ಕಾರದ ಕಾನೂನಿನಡಿ ಮರಣದಂಡನೆ ವಿಧಿಸಲಾಗಿದೆ. ಶುಕ್ರವಾರ ಸಂಜೆ ಸರ್ವೋಚ್ಚ ನ್ಯಾಯಾಲಯ ಕೊನೆಯ ಮನವಿಯನ್ನು ತಿರಸ್ಕರಿಸುತ್ತದೆ. ಸಬ್ಬತ್ತನ್ನು ಗೌರವಿಸುವ ಸಲುವಾಗಿ ದಂಡನೆಯನ್ನು ವಾರಾಂತ್ಯ ಕಳೆಯುವವರೆಗೆ, ಅಂದರೆ ಭಾನುವಾರದ ಮಧ್ಯರಾತ್ರಿ ದಾಟುವವರೆಗೆ, ತಡೆಹಿಡಿಯಲಾಗಿದೆ. ಅಮೆರಿಕದ ಸಂವಿಧಾನ ಕ್ಷಮಾದಾನದ ಅಧಿಕಾರವನ್ನು ಅಧ್ಯಕ್ಷನೊಬ್ಬನ ಕೈಯಲ್ಲೇ ಇರಿಸಿದೆ. ನಮ್ಮ ರಾಷ್ಟ್ರಪತಿಗಳು 72ನೆಯ ವಿಧಿಯ ಅಧಿಕಾರವನ್ನು ಮಂತ್ರಿಮಂಡಲದ ಸಲಹೆಯಂತೆ ಚಲಾಯಿಸುತ್ತಾರೆ, ಅಲ್ಲಿ ಹಾಗಿಲ್ಲ. ಆದ್ದರಿಂದ ಬಾರ್ಟ್ಲೆಟ್‌ನ ಮುಂದೆ ಎರಡು ದಿನಗಳಿವೆ, ಮತ್ತು ತಪ್ಪಿಸಿಕೊಳ್ಳಲು ಯಾವ ಮರೆಯೂ ಇಲ್ಲ.

ಆ ಎರಡು ದಿನಗಳಲ್ಲಿ ಮೂರು ದನಿಗಳು ಅವನನ್ನು ತಲುಪುತ್ತವೆ. ಅವನ ಸಲಹೆಗಾರ ಟೋಬಿ ಸಿನಗಾಗಿನಲ್ಲಿ ರಬ್ಬಿಯ ಪ್ರಬೋಧನೆ ಕೇಳಿ ಕಲಕಿಹೋಗುತ್ತಾನೆ. ತೋರಾ ಮರಣದಂಡನೆಯನ್ನು ವಿಧಿಸಿದ್ದರೂ ಪ್ರಾಚೀನ ರಬ್ಬಿಗಳು ಅದನ್ನು ಸಹಿಸಲಾರದೆ, ಜಾರಿಗೊಳಿಸುವುದೇ ಅಸಾಧ್ಯವಾಗುವಂತೆ ಷರತ್ತುಗಳನ್ನು ಕಟ್ಟಿದರೆಂದು ಟೋಬಿ ಅಧ್ಯಕ್ಷನಿಗೆ ನೆನಪಿಸುತ್ತಾನೆ. ಬೇರೆ ಕೆಲಸಕ್ಕೆ ಬಂದಿದ್ದ ಕ್ವೇಕರ್ ಮಹಿಳೆಯೊಬ್ಬಳು, ಅಭಿಪ್ರಾಯ ಕೇಳಿದಾಗ, ತನ್ನ ವಿರೋಧವನ್ನು ನೇರವಾಗಿ ಹೇಳುತ್ತಾಳೆ. ಕೊನೆಗೆ ಬಾರ್ಟ್ಲೆಟ್ ತಾನೇ ಕರೆಸಿಕೊಂಡ ಹಳೆಯ ಗುರು ಫಾದರ್ ಥಾಮಸ್ ಕ್ಯಾವನಾ ಬರುತ್ತಾರೆ. ಈ ಪಾತ್ರವನ್ನು ವಹಿಸಿದವರು ಕಾರ್ಲ್ ಮಾಲ್ಡೆನ್.

ಗುರು-ಅಧ್ಯಕ್ಷರ ಈ ಭೇಟಿಯೇ ಕಂತಿನ ಹೃದಯ. ತನ್ನನ್ನು ಹೆಸರಿನಿಂದಲ್ಲ, ಪದವಿಯಿಂದ ಸಂಬೋಧಿಸಬೇಕೆಂದು ಬಾರ್ಟ್ಲೆಟ್ ಕೇಳುತ್ತಾನೆ. ಇಂತಹ ನಿರ್ಧಾರಗಳಲ್ಲಿ ತನ್ನನ್ನು ವ್ಯಕ್ತಿಯಾಗಿ ಕಾಣದೆ ಪದವಿಯಾಗಿ ಕಾಣುವುದು ಅವನಿಗೆ ಅಗತ್ಯ. ಶೇಕಡಾ 70ಕ್ಕಿಂತ ಹೆಚ್ಚು ಜನ ಮರಣದಂಡನೆಯ ಪರವಾಗಿದ್ದಾರೆ, ನ್ಯಾಯಾಲಯಗಳೂ ತೀರ್ಪಿತ್ತಿವೆ ಎಂಬುದು ಅವನ ವಾದ. ಮುಯ್ಯಿ ತೀರಿಸುವುದು ಪ್ರಭುವಿಗೆ ಸೇರಿದ್ದೆಂಬ ರೋಮನರಿಗೆ ಬರೆದ ಪತ್ರದ ಮಾತನ್ನು (12:19) ಗುರುಗಳು ನೆನಪಿಸಿ, ಕೊಲ್ಲುವ ಹಕ್ಕು ದೇವರೊಬ್ಬರದೇ ಎನ್ನುತ್ತಾರೆ. ವಿವೇಕಕ್ಕಾಗಿ ಪ್ರಾರ್ಥಿಸಿದೆ, ಉತ್ತರ ಬರಲಿಲ್ಲ ಎಂದು ಬಾರ್ಟ್ಲೆಟ್ ದೂರುತ್ತಾನೆ. ಆಗ ಗುರುಗಳು ನೆರೆಯಲ್ಲಿ ಸಿಲುಕಿದವನ ಕಥೆ ಹೇಳುತ್ತಾರೆ: ಎಚ್ಚರಿಕೆಯನ್ನೂ ದೋಣಿಯನ್ನೂ ಹೆಲಿಕಾಪ್ಟರನ್ನೂ ಬೇಡವೆಂದು, ದೇವರೇ ಕಾಯುತ್ತಾರೆಂದು ಕಾದು ಮುಳುಗಿದವನ ಕಥೆ. ದೇವರು ನಿನ್ನ ಬಳಿಗೆ ಗುರುವನ್ನು, ರಬ್ಬಿಯನ್ನು, ಕ್ವೇಕರಳನ್ನು, ಸ್ವಂತ ಪುತ್ರನನ್ನೇ ಕಳುಹಿಸಿದರಲ್ಲ, ಇನ್ನೇನು ಬೇಕಿತ್ತು ಎಂಬುದು ಅವರ ಪ್ರಶ್ನೆ. ಅಷ್ಟರಲ್ಲಿ ಚೀಟಿಯೊಂದು ಬರುತ್ತದೆ. ಕ್ರೂಸ್ ಸತ್ತಿದ್ದಾನೆ. ಗುರುಗಳು ಈಗ ‘ಜೆಡ್’ ಎಂದು ಹೆಸರು ಹಿಡಿದು ಕರೆದು, ಪಾಪನಿವೇದನೆ ಮಾಡುವೆಯಾ ಎಂದು ಕೇಳುತ್ತಾರೆ. ಅಧ್ಯಕ್ಷ ತನ್ನ ಕಚೇರಿಯಲ್ಲೇ ಮೊಣಕಾಲೂರುತ್ತಾನೆ.

ಈ ದೃಶ್ಯ ಈಗಲೂ ನನ್ನನ್ನು ಅಲುಗಿಸುತ್ತದೆ. ಆದರೆ ಅದು ನಮ್ಮಿಂದ ಏನನ್ನು ಮರೆಮಾಚುತ್ತದೆ ಎಂಬುದನ್ನು ಗಮನಿಸಬೇಕು. ನೋಡುಗನ ಕಣ್ಣೀರು ಸತ್ತವನಿಗಾಗಿ ಹರಿಯುವುದಿಲ್ಲ. ಸಾಯಗೊಟ್ಟವನ ಸಂಕಟಕ್ಕಾಗಿ ಹರಿಯುತ್ತದೆ. ಸೈಮನ್ ಕ್ರೂಸ್‌ನ ಮುಖವನ್ನು ನಾವು ಕಾಣುವುದೇ ಇಲ್ಲ. ಅವನ ತಾಯಿಯ ಹೆಸರು ಸೋಫಿಯಾ ಎಂಬುದು ಪತ್ರಿಕಾ ಕಾರ್ಯದರ್ಶಿಗೆ ತಿಳಿದುಬರುತ್ತದೆ; ತಿಳಿಯದಿದ್ದರೆ ಚೆನ್ನಾಗಿತ್ತೆಂದು ಆಕೆ ಹಂಬಲಿಸುತ್ತಾಳೆ. ಸಾಯುವವನ ಮನೆಯ ಕಡೆಗೆ ಕಂತು ತೆರೆಯುವ ಕಿಟಕಿ ಅಷ್ಟೇ. ಉಳಿದ ಬೆಳಕೆಲ್ಲ ಬಾರ್ಟ್ಲೆಟ್‌ನ ಮನಸ್ಸಾಕ್ಷಿಯ ಮೇಲೆ.

ಸಂಕಟಪಡುವ ಅಧಿಕಾರಿಯನ್ನು ಕುರಿತ ಚಿಂತನೆ ನಮ್ಮ ಪರಂಪರೆಗೆ ಹೊಸದಲ್ಲ. ಸಂತ ಆಗಸ್ಟೀನರು ‘ದೇವನಗರ’ದ 19ನೆಯ ಸಂಪುಟದಲ್ಲಿ ಒಬ್ಬ ನ್ಯಾಯಾಧೀಶನನ್ನು ಚಿತ್ರಿಸುತ್ತಾರೆ. ಸತ್ಯವನ್ನು ಅರಿಯಲಾಗದೆ, ತೀರ್ಪು ನೀಡದಿರಲೂ ಆಗದೆ, ನಿರಪರಾಧಿಯನ್ನು ನೋಯಿಸಬಹುದಾದ ಸ್ಥಿತಿಯಲ್ಲಿರುವ ಆತ ಈ ಅನಿವಾರ್ಯತೆಗಳಿಂದ ಬಿಡಿಸೆಂದು ದೇವರಿಗೆ ಮೊರೆಯಿಡುವುದೇ ಉಚಿತ ಎನ್ನುತ್ತಾರೆ. ನಮ್ಮ ಕಾಲದ ಚಿಂತಕ ಮೈಕೆಲ್ ವಾಲ್ಜರ್ 1973ರ ಪ್ರಬಂಧವೊಂದರಲ್ಲಿ, ಕೈ ಕೊಳೆಯಾಗಿದೆಯೆಂದು ಅರಿತು ಪಾಪಪ್ರಜ್ಞೆ ಅನುಭವಿಸುವ ರಾಜಕಾರಣಿಯೇ ನೈತಿಕ ರಾಜಕಾರಣಿ ಎಂದು ವಾದಿಸಿದರು. ಬಾರ್ಟ್ಲೆಟ್‌ನನ್ನು ನಾನು ಮೊದಲು ಮೆಚ್ಚಿದ್ದು ಇಂತಹ ನೆಲೆಯಿಂದಲೇ. ಆದರೆ ಆಗಸ್ಟೀನರ ನ್ಯಾಯಾಧೀಶನಿಗೆ ಅಜ್ಞಾನದ ಬಂಧನವಿದೆ. ಬಾರ್ಟ್ಲೆಟ್‌ಗೆ ಅದಿಲ್ಲ. ಒಂದು ಸಹಿಯಿಂದ ಶಿಕ್ಷೆಯನ್ನು ಇಳಿಸಬಹುದು, ಮತ್ತು ಯಾವುದು ಸರಿಯೆಂದು ಅವನಿಗೆ ಗೊತ್ತಿದೆ. ಅವನನ್ನು ತಡೆದದ್ದು ಜನಮತದ ಲೆಕ್ಕ. ಅದನ್ನು ಅನಿವಾರ್ಯತೆಯೆಂದು ಕರೆದರೆ ಪಿಲಾತನನ್ನೂ ಹಾಗೆಯೇ ಕರೆಯಬೇಕಾದೀತು.

ಇದಕ್ಕೆ ಪ್ರತಿಯಾಗಿ ಇತಿಹಾಸದ ಒಂದು ಘಟನೆಯನ್ನು ಇಡಬಹುದು. 1999ರ ಜನವರಿಯಲ್ಲಿ ಜಗದ್ಗುರು ಎರಡನೆಯ ಜಾನ್ ಪೌಲರು ಮಿಸೌರಿ ರಾಜ್ಯದ ಸೇಂಟ್ ಲೂಯಿಸ್ ನಗರಕ್ಕೆ ಬಂದರು. ಮೂವರನ್ನು ಕೊಂದ ಡ್ಯಾರೆಲ್ ಮೀಸ್ ಎಂಬಾತನ ಮರಣದಂಡನೆ ಅದೇ ದಿನಗಳಿಗೆ ಗೊತ್ತಾಗಿತ್ತು. ಭೇಟಿಯ ಕಾರಣ ಫೆಬ್ರವರಿಗೆ ಮುಂದೂಡಲಾಗಿತ್ತು. ಜಗದ್ಗುರುಗಳು ರಾಜ್ಯಪಾಲ ಮೆಲ್ ಕಾರ್ನಹನ್ ಅವರನ್ನು ಕಂಡು, ಮೀಸ್‌ನಿಗೆ ಕರುಣೆ ತೋರುವಂತೆ ಕೇಳಿಕೊಂಡರು. ಕಾರ್ನಹನ್ ಬ್ಯಾಪ್ಟಿಸ್ಟ್ ಸಭೆಯವರು, ಮರಣದಂಡನೆಯ ಸಮರ್ಥಕರು. ಆದರೂ ಅವರು ಶಿಕ್ಷೆಯನ್ನು ಜೀವಾವಧಿಗೆ ಇಳಿಸಿದರು. ಅವರ ಅಭಿಪ್ರಾಯ ಬದಲಾಗಲಿಲ್ಲ. ಒಬ್ಬ ಮನುಷ್ಯ ಮಾತ್ರ ಬದುಕಿದ. ಬಾರ್ಟ್ಲೆಟ್‌ನಲ್ಲಿ ಸೂಕ್ಷ್ಮವಾದ ಮನಸ್ಸಾಕ್ಷಿಯಿದೆ, ಕರುಣೆಯ ಕಾರ್ಯವಿಲ್ಲ. ಈ ರಾಜ್ಯಪಾಲರಲ್ಲಿ ಕಾರ್ಯವಿದೆ. ಇಬ್ಬರು ಮಕ್ಕಳ ಸಾಮತಿಯಲ್ಲಿ (ಮತ್ತಾಯ 21:28–31) ತಂದೆಯ ಚಿತ್ತವನ್ನು ನೆರವೇರಿಸಿದವನು ಯಾರೆಂದು ಪ್ರಭು ಕೇಳಿದ ಪ್ರಶ್ನೆ ಇಲ್ಲಿಯೂ ನಿಲ್ಲುತ್ತದೆ.

ಹಾಗಾದರೆ ಆ ಪಾಪನಿವೇದನೆ ಹುಸಿಯೇ? ಹಾಗೆ ಹೇಳುವ ಅಧಿಕಾರ ನಮಗಿಲ್ಲ. ಆದರೆ 1551ರಲ್ಲಿ ಟ್ರೆಂಟ್ ಮಹಾಸಭೆ ಮನಸ್ತಾಪವನ್ನು ವಿವರಿಸುವಾಗ ಪಾಪದ ಬಗೆಗಿನ ದುಃಖದೊಡನೆ ಮುಂದೆ ಪಾಪ ಮಾಡೆನೆಂಬ ಸಂಕಲ್ಪವನ್ನೂ ಸೇರಿಸಿತು. ಮನಸ್ತಾಪ ಮತ್ತು ನಿವೇದನೆಗಳ ಜೊತೆಗೆ ಪ್ರಾಯಶ್ಚಿತ್ತವನ್ನೂ ಕೇಳಿತು. ಧಾರಾವಾಹಿಯ ರೂಪವೇ ಇದಕ್ಕೆ ಅಡ್ಡಿ. ಮೊಣಕಾಲೂರಿದಲ್ಲಿಗೆ ಕಂತು ಮುಗಿಯುತ್ತದೆ, ಮುಂದಿನ ವಾರ ಕಥೆ ಬೇರೆಡೆಗೆ ಹೊರಳುತ್ತದೆ. ಎರಡು ವರ್ಷಗಳ ನಂತರ ಇದೇ ಅಧ್ಯಕ್ಷ ವಿದೇಶೀ ಸಚಿವನೊಬ್ಬನ ಗುಪ್ತಹತ್ಯೆಗೆ ಅಪ್ಪಣೆ ಕೊಡುವಾಗಲೂ ಹೀಗೆಯೇ ಬೇಯುತ್ತಾನೆ, ಅಪ್ಪಣೆಯನ್ನೂ ಕೊಡುತ್ತಾನೆ. ಬೇಯುವುದು ಅಭ್ಯಾಸವಾದಾಗ ಅದು ಪಶ್ಚಾತ್ತಾಪವಾಗಿ ಉಳಿಯದೆ ಪರವಾನಗಿಯಾಗುತ್ತದೆ.

ನನ್ನ ಪ್ರಬೋಧನೆಯ ತಪ್ಪು ಇಲ್ಲಿತ್ತು. ನಾನು ಮಾದರಿಯಾಗಿ ಹಿಡಿಯಬೇಕಿದ್ದುದು ಕುರ್ಚಿಯಿಂದ ಇಳಿದವನನ್ನಲ್ಲ, ಎದುರು ನಿಂತಿದ್ದ ಗುರುವನ್ನು. ಮಧ್ಯರಾತ್ರಿಗೆ ಮುನ್ನ ಅವರು ಕಠಿಣವಾದ ಮಾತನ್ನು ಮೃದುಗೊಳಿಸಲಿಲ್ಲ. ಮಧ್ಯರಾತ್ರಿಯ ನಂತರ ಸಂಸ್ಕಾರವನ್ನು ನಿರಾಕರಿಸಲೂ ಇಲ್ಲ. ನಾತಾನನೂ ದಾವೀದನ ಮುಂದೆ ಎರಡನ್ನೂ ಮಾಡಿದನು.

ನಮ್ಮ ಧರ್ಮಕೇಂದ್ರಗಳಲ್ಲಿ ಅಧ್ಯಕ್ಷರಿಲ್ಲ. ಅಧಿಕಾರಿಗಳು, ಶಾಲೆಗಳ ಆಡಳಿತಗಾರರು, ನೌಕರರನ್ನು ತೆಗೆದುಹಾಕಬಲ್ಲ ಮಾಲೀಕರು ಇದ್ದಾರೆ. ನಿರ್ಧಾರಕ್ಕೆ ಮುಂಚೆ ಅವರು ನಮ್ಮನ್ನು ಪದವಿಯ ದೂರದಲ್ಲಿರಿಸಿ, ಆದ ಮೇಲೆ ಮನಸ್ಸಿನ ಭಾರವನ್ನು ಇಳಿಸಲು ಬರುವುದುಂಟು. ಬಂದವರಿಗೆ ಬಾಗಿಲು ತೆರೆದೇ ಇರಬೇಕು. ಆದರೆ ‘ನಿಮಗೆ ಎಷ್ಟು ಕಷ್ಟವಾಗಿರಬೇಕು’ ಎಂದು ಅವರನ್ನು ಸಂತೈಸುವ ಮೊದಲು ನಾವು ಕೇಳಬೇಕಾದ ಪ್ರಶ್ನೆಯೊಂದಿದೆ: ಸೋಫಿಯಾ ಎಂಬ ತಾಯಿಗೆ ಈಗ ಏನು ಮಾಡುವಿರಿ?