ಇಂಗ್ಲಿಷ್ ವ್ಯಾಕರಣಾಭ್ಯಾಸವೂ ಕಲಿಯುವವರ ಮನೆಮಾತೂ

ಇಂಗ್ಲಿಷ್ ವ್ಯಾಕರಣದ ಅಭ್ಯಾಸಪುಸ್ತಕಗಳಲ್ಲಿ ಬಹುಭಾಗಕ್ಕೆ ಒಂದು ಸಮಾನವಾದ ದೋಷವುಂಟು. ಕಲಿಯುವವನ ಮನೆಮಾತು ಯಾವುದೆಂಬ ಪ್ರಶ್ನೆಯನ್ನು ಅವು ಎಲ್ಲಿಯೂ ಎತ್ತಿಕೊಳ್ಳುವುದಿಲ್ಲ. ಹಿಂದಿನ ತಲೆಮಾರಿನವರು ಓದಿದ ನೆಸ್‌ಫೀಲ್ಡರ ವ್ಯಾಕರಣವಾಗಲಿ, 1930ರ ದಶಕದಲ್ಲಿ ಪ್ರಕಟವಾಗಿ ಇಂದಿಗೂ ನಮ್ಮಲ್ಲಿ ಬಳಕೆಯಲ್ಲಿರುವ ರೆನ್ ಮತ್ತು ಮಾರ್ಟಿನ್ ಎಂಬವರ ಗ್ರಂಥವಾಗಲಿ, ಪದವರ್ಗದ ಲಕ್ಷಣವನ್ನು ಹೇಳಿ, ಉದಾಹರಣೆಯನ್ನು ಕೊಟ್ಟು, ಬಿಟ್ಟ ಸ್ಥಳಗಳನ್ನು ತುಂಬಿರೆಂದು ವಿಧಿಸಿ ಮುಂದಕ್ಕೆ ಸಾಗುತ್ತವೆ. ಪೀಕಿಂಗಿನ ಬಾಲಕನಿಗೂ ಚಳ್ಳಕೆರೆಯ ಬಾಲಕನಿಗೂ ಒಂದೇ ಔಷಧ. ರೋಗ ಬೇರೆಯಾಗಿರಬಹುದೆಂಬ ಶಂಕೆ ವೈದ್ಯನಿಗಿಲ್ಲ.

ಈ ಶಂಕೆಯನ್ನು ವಿದ್ವಾಂಸರು ಎತ್ತಿಲ್ಲವೆಂದಲ್ಲ. ಢಾಕಾದಲ್ಲಿ ಉಪಾಧ್ಯಾಯರಿಗೆ ಶಿಕ್ಷಣವೀಯುತ್ತಿದ್ದ ಮೈಕೇಲ್ ವೆಸ್ಟ್ ಅವರು 1926ರಲ್ಲಿ ಬಂಗಾಳದ ಬಾಲಕರ ದ್ವಿಭಾಷಾಸ್ಥಿತಿಯನ್ನು ವಿವೇಚಿಸಿ, ಅವರಿಗೆ ಮೊದಲು ಬೇಕಾದುದು ಓದುವ ಶಕ್ತಿಯೆಂದು ವಾದಿಸಿದರು. ಅಮೇರಿಕದ ಚಾರ್ಲ್ಸ್ ಫ್ರೀಸ್ ಅವರು 1945ರಲ್ಲಿ, ಕಲಿಯಬೇಕಾದ ಭಾಷೆಯನ್ನೂ ಕಲಿಯುವವನ ಭಾಷೆಯನ್ನೂ ಹೋಲಿಸಿ ನೋಡಿಯೇ ಪಾಠಗಳನ್ನು ರಚಿಸಬೇಕೆಂದು ಪ್ರತಿಪಾದಿಸಿದರು. ಎಲ್ಲ ತಪ್ಪುಗಳೂ ಮನೆಮಾತಿನಿಂದಲೇ ಹುಟ್ಟುವುದಿಲ್ಲವೆಂದು ಆಮೇಲಿನವರು ಆಕ್ಷೇಪಿಸಿರುವುದೂ ನಿಜವೇ. ‘ವೆಂಟ್’ ಎನ್ನಬೇಕಾದಲ್ಲಿ ‘ಗೋಡ್’ ಎನ್ನುವುದು ಇಂಗ್ಲೆಂಡಿನ ಶಿಶುವಿಗೂ ಸಹಜ. ಆದರೆ ವಾಕ್ಯವನ್ನು ಓದಿ ಅರ್ಥಮಾಡಿಕೊಳ್ಳುವಲ್ಲಿ ಮನೆಮಾತಿನ ಹಿಡಿತ ಎಷ್ಟೆಂಬುದನ್ನು ಈ ಆಕ್ಷೇಪವು ಮುಟ್ಟುವುದಿಲ್ಲ.

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲ್ಲೂಕುಗಳು ಈ ವಿಚಾರಕ್ಕೆ ಒಳ್ಳೆಯ ಪರೀಕ್ಷಾಸ್ಥಾನಗಳು. ಆಂಧ್ರದ ಗಡಿಗೆ ಹೊಂದಿಕೊಂಡ ಈ ಸೀಮೆಯ ಅನೇಕ ಮನೆಗಳಲ್ಲಿ ಮಾತು ತೆಲುಗು. ಶಾಲೆಯ ಭಾಷೆ ಸಾಮಾನ್ಯವಾಗಿ ಕನ್ನಡ. ಇಂಗ್ಲಿಷು ಮೂರನೆಯದಾಗಿ ಬರುತ್ತದೆ. ಹೊರಗಿನ ಭಾಷೆಯ ಬರಹವನ್ನು ಎದುರಿಸುವುದು ಈ ನೆಲಕ್ಕೆ ಹೊಸತೂ ಅಲ್ಲ. 1892ರಲ್ಲಿ ಬಿ. ಎಲ್. ರೈಸ್ ಅವರು ಬೆಳಕಿಗೆ ತಂದ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗರಾಮೇಶ್ವರಗಳ ಅಶೋಕಶಾಸನಗಳು ಮೊಳಕಾಲ್ಮೂರು ತಾಲ್ಲೂಕಿನವು. ಅವುಗಳ ಭಾಷೆ ಪ್ರಾಕೃತ. ಸುವರ್ಣಗಿರಿಯಿಂದ ಇಸಿಲದ ಅಧಿಕಾರಿಗಳಿಗೆ ಬಂದ ಆಜ್ಞೆ ಅದು. ಶಿಷ್ಯನು ಆಚಾರ್ಯನನ್ನು ಗೌರವಿಸಬೇಕೆಂಬ ವಿಧಿಯೂ ಅದರಲ್ಲಿದೆ. ಊರಿನವರಿಗೆ ಅದನ್ನು ಅವರ ನುಡಿಯಲ್ಲಿ ಬಿಡಿಸಿ ಹೇಳಿದವನೊಬ್ಬನು ಇದ್ದಿರಲೇಬೇಕೆಂದು ನಾನು ಊಹಿಸುತ್ತೇನೆ.

ಈಗ ಚೀನೀ ಭಾಷೆಯನ್ನಾಡುವ ವಿದ್ಯಾರ್ಥಿಯನ್ನು ನಮ್ಮ ವಿದ್ಯಾರ್ಥಿಯ ಪಕ್ಕದಲ್ಲಿ ಕುಳ್ಳಿರಿಸಿ ನೋಡೋಣ. ಚೀನೀ ಕ್ರಿಯಾಪದಕ್ಕೆ ಕಾಲ, ಪುರುಷ, ವಚನಗಳಿಗೆ ತಕ್ಕಂತೆ ರೂಪಭೇದವಿಲ್ಲ. ಬಂದವನು ಯಾರಾದರೂ, ಎಂದಾದರೂ, ‘ಲಾಯ್’ ಎಂಬ ಧಾತು ‘ಲಾಯ್’ ಆಗಿಯೇ ಇರುತ್ತದೆ. ಕ್ರಿಯೆ ಮುಗಿದುದನ್ನು ಬೇರೊಂದು ಅವ್ಯಯ ತಿಳಿಸುತ್ತದೆ. ಮಾತಿನಲ್ಲಿ ‘ಅವನು’, ‘ಅವಳು’ ಎರಡಕ್ಕೂ ‘ಥಾ’ ಎಂಬ ಒಂದೇ ಧ್ವನಿ. ಆದುದರಿಂದ ಇಂಗ್ಲಿಷ್ ಕ್ರಿಯಾಪದದ ಕೊನೆಯ ಒಂದು ಅಕ್ಷರ, ‘ಹೀ’ ‘ಷೀ’ಗಳ ಭೇದ, ಇವು ಅವನನ್ನು ಕಾಡುತ್ತವೆ. ಆದರೆ ಕರ್ತೃ, ಕ್ರಿಯೆ, ಕರ್ಮ ಎಂಬ ಪದಕ್ರಮವು ಅವನಿಗೆ ಹುಟ್ಟಿನಿಂದಲೇ ಬಂದುದು. ನಮ್ಮ ಬಾಲಕನ ಪಾಡು ಬಹುಮಟ್ಟಿಗೆ ಇದಕ್ಕೆ ವಿಪರ್ಯಾಸ. ಪ್ರತ್ಯಯಗಳೆಂದರೆ ಅವನಿಗೆ ಭಯವಿಲ್ಲ. ‘ಬಂದನು, ಬಂದಳು, ಬಂದಿತು’ ಎಂದು ಬೆಳೆದವನಿಗೆ ಇಂಗ್ಲಿಷಿನ ಕೃಶವಾದ ರೂಪಭೇದ ಯಾವ ದೊಡ್ಡ ಹೊರೆ? ಅವನನ್ನು ಕೆಡವುವುದು ಕ್ರಮ. ಕ್ರಿಯೆಯನ್ನು ಕೊನೆಯವರೆಗೆ ಕಾಯ್ದುಕೊಳ್ಳುವ ಅಭ್ಯಾಸವುಳ್ಳವನ ಮುಂದೆ ಅದು ನಡುವೆಯೇ ಬಂದು ನಿಲ್ಲುತ್ತದೆ. ಹೀಗಿರಲು, ರೂಪಗಳನ್ನು ತಿದ್ದುವ ಅಭ್ಯಾಸಗಳನ್ನು ಪುಟಗಟ್ಟಲೆ ಮಾಡಿಸುವುದು ಚೀನೀಯನಿಗೆ ಹಿತವಾದರೂ ನಮ್ಮವನಿಗೆ ಶ್ರಮವಷ್ಟೇ.

ಆದರೆ ಒಂದೆಡೆ ಇಬ್ಬರೂ ಒಂದೇ ಹಳ್ಳಕ್ಕೆ ಬೀಳುತ್ತಾರೆ. ‘ನಿನ್ನೆ ಬಂದ ಹುಡುಗ’ ಎಂಬಲ್ಲಿ ಕನ್ನಡವು ವಿಶೇಷಣವನ್ನೆಲ್ಲ ಮುಂದಿಟ್ಟು ನಾಮಪದವನ್ನು ಕೊನೆಯಲ್ಲಿಡುತ್ತದೆ. ತೆಲುಗೂ ಹಾಗೆಯೇ, ಚೀನಿಯೂ ಹಾಗೆಯೇ. ಇಂಗ್ಲಿಷು ನಾಮಪದವನ್ನು ಮೊದಲು ಹೇಳಿ ವಿವರವನ್ನು ಆಮೇಲೆ ಜೋಡಿಸುತ್ತದೆ. ‘ದಿ ಬಾಯ್ ಹೂ ಸೋಲ್ಡ್ ದಿ ಶೀಪ್ ಟು ದಿ ಮರ್ಚೆಂಟ್ ವೆಂಟ್ ಹೋಮ್’ ಎಂಬ ವಾಕ್ಯವನ್ನು ಕೊಟ್ಟು, ಮನೆಗೆ ಹೋದವರು ಯಾರೆಂದು ಕೇಳಿರಿ. ವರ್ತಕನೆಂಬ ಉತ್ತರ ಬಂದರೆ ಆಶ್ಚರ್ಯಪಡಬೇಕಾದುದಿಲ್ಲ. ಕ್ರಿಯೆಗೆ ಹತ್ತಿರವಾಗಿ, ವಿವರದ ಕೊನೆಯಲ್ಲಿ, ಕನ್ನಡದ ರೀತಿಯಲ್ಲಿ ಮುಖ್ಯ ನಾಮಪದವಿರಬೇಕಾದ ಸ್ಥಾನದಲ್ಲಿ ನಿಂತಿರುವವನು ವರ್ತಕನೇ ಅಲ್ಲವೆ? ಕುರಿಗಳ ನಾಡಾದ ಚಳ್ಳಕೆರೆಯ ಮಗುವಿಗೆ ಇಲ್ಲಿ ಕಠಿಣವಾದ ಶಬ್ದವಾಗಲಿ ಅಪರಿಚಿತವಾದ ವಿಷಯವಾಗಲಿ ಒಂದೂ ಇಲ್ಲ. ಆದರೂ ಅರ್ಥ ತಪ್ಪಿತು. ‘ವರ್ತಕನಿಗೆ ಕುರಿಗಳನ್ನು ಮಾರಿದ ಹುಡುಗನು ಮನೆಗೆ ಹೋದನು’ ಎಂಬ ಕನ್ನಡವಾಕ್ಯವನ್ನು ಪಕ್ಕದಲ್ಲಿ ಬರೆದು, ಹುಡುಗನು ಎಲ್ಲಿಂದ ಎಲ್ಲಿಗೆ ಸರಿದನೆಂದು ತೋರಿಸಿದ ಹೊರತು ಈ ತಪ್ಪು ನೀಗದು. ಇಂಥ ಮಗುವನ್ನು ಮಂದಮತಿಯೆಂದು ಷರಾ ಬರೆದು ಹಿಂದಿನ ಬೆಂಚಿಗೆ ಕಳುಹಿಸುವುದು ಅನ್ಯಾಯ.

ಉಕ್ತಿಯ ಪ್ರಕರಣವೂ ಹೀಗೆಯೇ. ‘ಅವನು ನಾನು ಬರುತ್ತೇನೆ ಎಂದನು’ ಎಂಬಲ್ಲಿ ‘ನಾನು’ ಯಾರೆಂಬ ಸಂದೇಹ ಕನ್ನಡಿಗನಿಗಿಲ್ಲ. ‘ಎಂದು’ ಎಂಬುದು ಪರರ ಮಾತನ್ನು ಇದ್ದಹಾಗೆಯೇ ಹೊತ್ತು ತರುತ್ತದೆ. ತೆಲುಗಿನ ‘ಅನಿ’ಯ ಕೆಲಸವೂ ಅದೇ. ಇಂಗ್ಲಿಷಿನ ‘ದಟ್’ ಹಾಗಲ್ಲ. ‘ಹೀ ಸೆಡ್ ದಟ್ ಐ ಷಲ್ ಕಮ್’ ಎಂದು ಬರೆದ ಬಾಲಕನು ಕನ್ನಡಕ್ಕೆ ನಿಷ್ಠನಾಗಿದ್ದಾನೆ. ನಮ್ಮ ಪುಸ್ತಕಗಳು ಇದನ್ನು ಸರ್ವನಾಮಗಳನ್ನೂ ಕಾಲಗಳನ್ನೂ ಬದಲಾಯಿಸುವ ಯಾಂತ್ರಿಕಸೂತ್ರವನ್ನಾಗಿ ಮಾಡಿ ಕೈತೊಳೆದುಕೊಂಡಿವೆ.

ತೆಲುಗು ಮನೆಮಾತಿನವರ ವಿಷಯದಲ್ಲಿ ಇನ್ನೊಂದು ಸೂಕ್ಷ್ಮವಿದೆ. ತೆಲುಗಿನ ಏಕವಚನದ ಕ್ರಿಯೆಯಲ್ಲಿ ಸ್ತ್ರೀಗೂ ವಸ್ತುವಿಗೂ ಒಂದೇ ರೂಪ: ‘ಅಮ್ಮಾಯಿ ವಚ್ಚಿಂದಿ’, ‘ಆವು ವಚ್ಚಿಂದಿ’. ಕನ್ನಡ ಕಲಿತಾಗಲೇ ಆ ಮಗು ‘ಬಂದಳು’, ‘ಬಂದಿತು’ಗಳ ಭೇದವನ್ನು ಸಾಧಿಸಿಕೊಂಡಿರುತ್ತದೆ. ಎಂದರೆ, ಇಂಗ್ಲಿಷಿನ ಮೂರು ಲಿಂಗಗಳಿಗೆ ಕನ್ನಡವು ಅವನಿಗೆ ಸೋಪಾನ. ಪ್ರತಿಯಾಗಿ, ‘ಮನಮು’, ‘ಮೇಮು’ ಎಂದು ಕೇಳುವವನನ್ನು ಸೇರಿಸಿಕೊಂಡ ‘ನಾವು’ ಒಂದು, ಬಿಟ್ಟ ‘ನಾವು’ ಒಂದು ತೆಲುಗಿನಲ್ಲುಂಟು. ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ಇಲ್ಲ. (ಪೀಕಿಂಗಿನ ಆಡುಮಾತಿನಲ್ಲಿ ಇಂಥದೇ ಭೇದವಿರುವುದು ಕುತೂಹಲಕರ.) ಗದ್ಯಭಾಗದಲ್ಲಿ ‘ವೀ’ ಎಂದು ಬಂದಲ್ಲಿ ಯಾರು ಯಾರು ಸೇರಿದರೆಂದು ಕೇಳಿದರೆ ಈ ಮಕ್ಕಳು ಇತರರಿಗಿಂತ ಚೆನ್ನಾಗಿ ಯೋಚಿಸಬಲ್ಲರು. ಆದರೆ ಅಂಥ ಪ್ರಶ್ನೆಯನ್ನು ಕೇಳುವವರಾರು?

ಕೇಳುವ ಪ್ರಶ್ನೆಗಳಾದರೂ ಎಂಥವು! ‘ಗುಳಿಪನು ತಿರ್ಮೆಯಲ್ಲಿ ಸೊಣಕವನ್ನು ಬೆಳ್ಕಿದನು’ ಎಂದು ನಾನೊಂದು ವಾಕ್ಯವನ್ನು ಕಟ್ಟಿದ್ದೇನೆ. ಇದರ ನಾಮಧಾತುಗಳಿಗೆ ಅರ್ಥವಿಲ್ಲ. ಗುಳಿಪನು ಏನನ್ನು ಬೆಳ್ಕಿದನೆಂದರೆ ವಾಚಕರು ‘ಸೊಣಕವನ್ನು’ ಎಂದೂ, ಎಲ್ಲಿ ಎಂದರೆ ‘ತಿರ್ಮೆಯಲ್ಲಿ’ ಎಂದೂ ತಪ್ಪದೆ ಉತ್ತರಿಸುವರು, ಪೂರ್ಣಾಂಕಗಳನ್ನೂ ಪಡೆಯುವರು. ಅರ್ಥಗ್ರಹಣವೆಂಬ ಹೆಸರಿನಲ್ಲಿ ನಡೆಯುವ ಪರೀಕ್ಷೆಯ ಬಹುಭಾಗ ಇಷ್ಟೇ. ಪ್ರಶ್ನೆಯ ಶಬ್ದವನ್ನು ಗದ್ಯಭಾಗದಲ್ಲಿ ಹುಡುಕಿ, ಆ ಸಾಲನ್ನು ನಕಲುಮಾಡುವ ಚಾತುರ್ಯಕ್ಕೆ ಗ್ರಹಣವೆಂದು ಹೆಸರಿಟ್ಟಿದ್ದೇವೆ.

1979ರಿಂದ 1984ರವರೆಗೆ ಎನ್. ಎಸ್. ಪ್ರಭು ಅವರು ನಡೆಸಿದ, ಬೆಂಗಳೂರು ಯೋಜನೆಯೆಂದು ಪ್ರಸಿದ್ಧವಾದ ಪ್ರಯೋಗವು ಈ ಜಾಡನ್ನು ಬಿಟ್ಟಿತು. ನಕ್ಷೆ, ವೇಳಾಪಟ್ಟಿ ಮೊದಲಾದವುಗಳನ್ನು ಕೊಟ್ಟು ಬುದ್ಧಿಗೆ ಕೆಲಸ ಹಚ್ಚಿದರೆ, ಗಮನ ಅರ್ಥದ ಮೇಲಿರುವಾಗಲೇ ವ್ಯಾಕರಣವು ತಾನಾಗಿ ಬೇರೂರುವುದೆಂಬುದು ಅವರ ಮತ. ಅರ್ಥಕ್ಕೆ ಪ್ರಾಧಾನ್ಯಕೊಟ್ಟುದು ಸ್ತುತ್ಯ. ಆದರೆ ವರ್ತಕನೂ ಹುಡುಗನೂ ಅದಲುಬದಲಾಗುವಂಥ ವಾಕ್ಯವನ್ನು ಬಿಡಿಸುವ ಶಕ್ತಿ, ಎರಡು ಭಾಷೆಗಳ ರಚನೆಯನ್ನು ಎದುರುಬದುರಿಟ್ಟು ತೋರಿಸದೆ, ತಾನಾಗಿ ಬರುವುದೆಂದು ನನಗೆ ನಂಬಿಕೆಯಿಲ್ಲ.

ಈ ಕೆಲಸದ ಅರ್ಧಭಾಗ ಕನ್ನಡದ ಉಪಾಧ್ಯಾಯರಿಗೆ ಸೇರಿದ್ದು. ಕೃದಂತವನ್ನು ನಾವು ಪಾಠಮಾಡುವುದು ಪಟ್ಟಿಯಾಗಿ: ‘ಮಾಡುವ, ಮಾಡಿದ, ಮಾಡದ’. ಒಂದು ಕೃದಂತವು ಇಡೀ ವಾಕ್ಯವನ್ನು ತನ್ನೊಳಗೆ ಅಡಗಿಸಿಕೊಳ್ಳಬಲ್ಲುದೆಂಬುದನ್ನು ಎಷ್ಟು ಮಂದಿ ತೋರಿಸುತ್ತೇವೆ? ‘ಹುಡುಗನು ವರ್ತಕನಿಗೆ ಕುರಿಗಳನ್ನು ಮಾರಿದನು, ಅವನು ಮನೆಗೆ ಹೋದನು’ ಎಂಬೆರಡು ವಾಕ್ಯಗಳನ್ನು ಒಂದಾಗಿ ಹೆಣೆಯುವುದನ್ನೂ, ಹೆಣೆದುದನ್ನು ಬಿಚ್ಚುವುದನ್ನೂ ಎಂಟನೆಯ ತರಗತಿಯ ಕನ್ನಡಪಾಠದಲ್ಲಿ ಮಾಡಿಸಿ, ಅದೇ ವಾರ ಅದೇ ವಾಕ್ಯವನ್ನು ಇಂಗ್ಲಿಷ್ ಉಪಾಧ್ಯಾಯರು ತಮ್ಮ ಪಾಠಕ್ಕೆ ತೆಗೆದುಕೊಳ್ಳಲಿ. ಮೊಳಕಾಲ್ಮೂರಿನ ಶಾಲೆಯಾದರೆ ತೆಲುಗು ಬಲ್ಲ ಮಗುವೊಂದು ಎದ್ದು ಅದನ್ನೇ ತೆಲುಗಿನಲ್ಲಿ ಹೇಳಲಿ, ‘ವರ್ತಕುಡಿಕಿ ಗೊರ್ರೆಲನು ಅಮ್ಮಿನ ಪಿಲ್ಲವಾಡು’ ಎಂದು. ಮೂರು ವಾಕ್ಯಗಳೂ ಕರಿಹಲಗೆಯ ಮೇಲೆ ಒಂದರ ಕೆಳಗೊಂದು ನಿಲ್ಲಲಿ.