ಹೊಳೆ ಹರಿಸಿದರೆ ಟೂಲು ತಣ್ಣಗಾಗದು

ಲೋಹ ಕಡಿಯುವ ಟೂಲಿಗೆ ನೀರು ಬಿಟ್ಟರೆ ಏನು ಲಾಭ ಎಂದು ಮೊದಲು ಅಳೆದು ತೋರಿಸಿದವರಲ್ಲಿ ಅಮೆರಿಕದ ಎಫ್. ಡಬ್ಲ್ಯೂ. ಟೇಲರ್ ಪ್ರಮುಖರು. 1880ರ ದಶಕದಲ್ಲಿ ಮಿಡ್‌ವೇಲ್ ಉಕ್ಕಿನ ಕಾರ್ಖಾನೆಯಲ್ಲಿ ಅವರು ಪ್ರಯೋಗ ನಡೆಸಿದರು. ಕಡಿತದ ಜಾಗಕ್ಕೆ ಧಾರಾಳವಾಗಿ ನೀರು ಸುರಿದರೆ ವೇಗವನ್ನು ಶೇ 30ರಿಂದ 40ರಷ್ಟು ಏರಿಸಬಹುದು ಎಂದು ಕಂಡುಕೊಂಡರು. ತುಕ್ಕು ಹಿಡಿಯದಿರಲಿ ಎಂದು ನೀರಿಗೆ ಸೋಡಾ ಬೆರೆಸುತ್ತಿದ್ದರು. ಆ ಕಾಲದ ಇಂಗಾಲದ ಉಕ್ಕಿನ ಟೂಲು 250 ಡಿಗ್ರಿಯ ಆಸುಪಾಸಿನಲ್ಲೇ ಮೆತ್ತಗಾಗುತ್ತಿತ್ತು, ಅದಕ್ಕೆ ನೀರು ಜೀವದಾನವೇ ಸರಿ. ಇವತ್ತಿನ ಕಾರ್ಬೈಡ್ ಇನ್ಸರ್ಟು 800 ಡಿಗ್ರಿಯಲ್ಲೂ ಗಡಸು ಬಿಡುವುದಿಲ್ಲ. ಟೂಲು ಬದಲಾಗಿದೆ, ಅಭ್ಯಾಸ ಮಾತ್ರ ಬದಲಾಗಿಲ್ಲ. ಪೀಣ್ಯದಲ್ಲಾಗಲಿ ಬೆಳಗಾವಿಯ ಉದ್ಯಮಬಾಗಿನಲ್ಲಾಗಲಿ ಜಾಬ್ ಕಟ್ಟಿದ ಮೇಲೆ ಬೆರಳು ತಾನಾಗಿ ಕೂಲೆಂಟ್ ಬಟನ್ನಿಗೆ ಹೋಗುತ್ತದೆ. ಯಾವ ಲೋಹ, ಯಾವ ಕೆಲಸ ಎಂದು ಕೇಳದೆ ಎಲ್ಲಕ್ಕೂ ಒಂದೇ ಹಾಲುಬಣ್ಣದ ದ್ರವವನ್ನು ಹರಿಸುವ ಈ ಪದ್ಧತಿ ಟೂಲಿಗೂ ಅನ್ಯಾಯ, ಅದರ ಮುಂದೆ ನಿಲ್ಲುವ ಮನುಷ್ಯನಿಗೂ ಅನ್ಯಾಯ ಎಂಬುದು ನನ್ನ ಖಚಿತ ಅಭಿಪ್ರಾಯ.

ಕಡಿತದಲ್ಲಿ ಹುಟ್ಟುವ ಶಾಖದ ಬಹುಪಾಲನ್ನು ಕಡಿದು ಬೀಳುವ ಲೋಹದ ಚಿಪ್ಪೇ ಹೊತ್ತುಕೊಂಡು ಹೋಗುತ್ತದೆ. ವೇಗ ಹೆಚ್ಚಿದಷ್ಟೂ ಆ ಪಾಲು ಹೆಚ್ಚು. ಉಕ್ಕನ್ನು ಕೂಲೆಂಟ್ ಇಲ್ಲದೆ ಕಡಿಯುವಾಗ ನೀಲಿಬಣ್ಣದ ಚಿಪ್ಪು ಬಿದ್ದರೆ ಹೊಸಬರು ಹೆದರುತ್ತಾರೆ. ಅನುಭವಿ ಆಪರೇಟರಿಗೆ ಅದು ಶಾಖ ಹೊರಗೆ ಹೋಗುತ್ತಿದೆ ಎಂಬ ಸಮಾಧಾನ. ಟೂಲನ್ನು ನಿಜವಾಗಿ ತಿನ್ನುವ ಬಿಸಿ ಇರುವುದು ಚಿಪ್ಪು ಟೂಲಿನ ಮುಖಕ್ಕೆ ಒತ್ತಿ ಜಾರುವ ಜಾಗದಲ್ಲಿ. ಅಲ್ಲಿ ಒತ್ತಡ ಎಷ್ಟೆಂದರೆ ಎರಡು ಲೋಹಗಳೂ ಬೆಸೆದುಕೊಂಡಂತೆ ಇರುತ್ತವೆ, ಮೇಲಿನಿಂದ ಸುರಿದ ದ್ರವ ಒಳಗೆ ನುಗ್ಗುವುದೇ ಇಲ್ಲ. ಅಂಚಿಗೆ ಬಂದ ನೀರೂ ಅಲ್ಲಿಯೇ ಆವಿಯಾಗುತ್ತದೆ. ಚೆನ್ನಾಗಿ ಕಾದ ದೋಸೆಹೆಂಚಿಗೆ ಚಿಮುಕಿಸಿದ ಹನಿ ಅಂಟದೆ ಉರುಳಾಡುವಂತೆ, ಆವಿಯ ಪದರವೇ ನೀರನ್ನು ಬಿಸಿ ಮೈಯಿಂದ ದೂರ ಇಡುತ್ತದೆ. ಹೊಳೆ ಹರಿದರೂ ಬೇಕಾದ ಜಾಗ ಒಣಗಿರುತ್ತದೆ.

ಮಿಲ್ಲಿಂಗ್‌ನಲ್ಲಿ ಈ ಅಭ್ಯಾಸ ಬರೀ ವ್ಯರ್ಥವಲ್ಲ, ಹಾನಿಯೂ ಹೌದು. ಕಟರ್ ತಿರುಗುವಾಗ ಒಂದೊಂದು ಹಲ್ಲೂ ಲೋಹದೊಳಗೆ ಹೊಕ್ಕು ಕೆಂಪಗೆ ಕಾಯುತ್ತದೆ, ಹೊರಬಂದ ಕ್ಷಣವೇ ತಣ್ಣನೆಯ ಧಾರೆಗೆ ಸಿಗುತ್ತದೆ. ನಿಮಿಷಕ್ಕೆ ನೂರಾರು, ಕೆಲವೊಮ್ಮೆ ಸಾವಿರಾರು ಸಲ ಹೀಗೆ. ಎಸೆದ ಒಂದು ಇನ್ಸರ್ಟನ್ನು ಒರೆಸಿ ಭೂತಗನ್ನಡಿಯಲ್ಲಿ ನೋಡಿ: ಅಂಚಿಗೆ ಲಂಬವಾಗಿ, ಸಾಲಾಗಿ, ಸಮ ಅಂತರದಲ್ಲಿ ಕೂದಲೆಳೆಯಂಥ ಬಿರುಕುಗಳು ಕಾಣುತ್ತವೆ. ಎರಡು ಬಿರುಕು ಕೂಡಿದಲ್ಲಿ ಅಂಚು ಚೂರಾಗಿ ಉದುರುತ್ತದೆ. ಅದು ಸವೆತವಲ್ಲ, ಕಾದು ತಣಿದು ಬಂದ ಆಯಾಸ. ಅದಕ್ಕೇ ಟೂಲು ತಯಾರಕರು ಉಕ್ಕಿನ ಮಿಲ್ಲಿಂಗಿಗೆ ಸಾಮಾನ್ಯವಾಗಿ ಒಣಕಡಿತವನ್ನೇ ಹೇಳುತ್ತಾರೆ. ಬೀಡು ಕಬ್ಬಿಣದಲ್ಲಂತೂ ಗ್ರಾಫೈಟೇ ಜಾರುಕವಾಗಿ ಕೆಲಸ ಮಾಡುತ್ತದೆ. ಅದಕ್ಕೆ ಕೂಲೆಂಟ್ ಬಿಟ್ಟರೆ ಪುಡಿಚಿಪ್ಪು ಕೆಸರಾಗಿ ಪಂಪನ್ನು ಕಟ್ಟುತ್ತದೆ. ಧಾರೆ ಹರಿಸುವುದು, ಒಣಕಡಿತ ಎರಡಕ್ಕಿಂತಲೂ ಕೆಟ್ಟದ್ದು ಆಗಾಗ ಬ್ರಷ್ಷಿನಲ್ಲಿ ಬಳಿಯುವುದು, ಬಾಟಲಿಯಿಂದ ಚಿಮ್ಮಿಸುವುದು. ಸುರಿದರೆ ಪೂರ್ತಿ ಸುರಿಯಬೇಕು, ಇಲ್ಲವೇ ಬಿಡಬೇಕು.

ಹಾಗೆಂದು ದ್ರವವನ್ನೇ ತಳ್ಳಿಹಾಕುವ ಒಣಕಡಿತದ ಭಕ್ತರ ಜೊತೆಗೂ ನಾನಿಲ್ಲ. ಆಳದ ರಂಧ್ರದಲ್ಲಿ ಚಿಪ್ಪನ್ನು ಹೊರತಳ್ಳಲು ಧಾರೆ ಬೇಕು. ಅಲ್ಯೂಮಿನಿಯಂ ಅಂಚಿಗೆ ಅಂಟಿ ಕೂರುತ್ತದೆ, ಅದಕ್ಕೆ ಜಾರುಕ ಬೇಕು. ಗ್ರೈಂಡಿಂಗಿನಲ್ಲಿ ಕೂಲೆಂಟ್ ಇಲ್ಲದಿದ್ದರೆ ಮೇಲ್ಮೈ ಸುಡುತ್ತದೆ. ಅಳತೆಯ ಪ್ರಶ್ನೆ ಇನ್ನೊಂದು: 100 ಮಿಲಿಮೀಟರ್ ಉಕ್ಕಿನ ಜಾಬ್ 10 ಡಿಗ್ರಿ ಬಿಸಿಯಾದರೆ ಸುಮಾರು 12 ಮೈಕ್ರಾನ್ ಹಿಗ್ಗುತ್ತದೆ. ಬೇರಿಂಗ್ ಕೂರುವ ಜಾಗದಲ್ಲಿ ಅಷ್ಟು ಸಾಕು, ಜಾಬ್ ರಿಜೆಕ್ಟ್. ಟೈಟಾನಿಯಂ ಮಿಶ್ರಲೋಹದ ಕಷ್ಟವೇ ಬೇರೆ. ಅದರ ಶಾಖವಾಹಕತೆ ಸಾಮಾನ್ಯ ಉಕ್ಕಿನ ಆರು ಏಳರಲ್ಲಿ ಒಂದು ಪಾಲಿನಷ್ಟು, ಬಿಸಿಯೆಲ್ಲ ಟೂಲಿನ ತುದಿಯಲ್ಲೇ ನಿಲ್ಲುತ್ತದೆ. ಅಲ್ಲಿ 70 ಬಾರ್ ಒತ್ತಡದ ತೆಳುಧಾರೆಯನ್ನು ಟೂಲಿನೊಳಗಿಂದಲೇ ಚಿಪ್ಪಿನ ಅಡಿಗೆ ಹಾಯಿಸಿದರೆ ಆವಿಯ ಪದರ ಒಡೆಯುತ್ತದೆ, ಚಿಪ್ಪೂ ತುಂಡಾಗುತ್ತದೆ. ಇದಕ್ಕೆ ಹಾಕುವ ಹಣ ದಂಡವಲ್ಲ. ಮೈನಸ್ 196 ಡಿಗ್ರಿಯ ದ್ರವ ಸಾರಜನಕ ಕಾಗದದ ಮೇಲೆ ಆಕರ್ಷಕ. ಆದರೆ ಅದರ ಪೂರೈಕೆ, ಉಷ್ಣ ನಿರೋಧಕ ಪೈಪು, ಮುಚ್ಚಿದ ಕೋಣೆಯಲ್ಲಿ ಆಮ್ಲಜನಕ ಕಡಿಮೆಯಾಗುವ ಅಪಾಯ ಎಲ್ಲ ಸೇರಿದರೆ ಸಣ್ಣ ಶಾಪಿಗೆ ಆಗುವ ಮಾತಲ್ಲ.

ನಮ್ಮಲ್ಲಿ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದ್ದು ಯಂತ್ರದ ಕೆಳಗಿನ ಸಂಪು. ಭಾನುವಾರ ಪಂಪು ನಿಂತಿರುತ್ತದೆ. ಸ್ಲೈಡ್‌ವೇಯಿಂದ ಸೋರಿದ ಆಯಿಲ್ ಮೇಲೆ ಕೆನೆಗಟ್ಟಿ ಗಾಳಿಯನ್ನು ತಡೆಯುತ್ತದೆ. ಗಾಳಿ ಬೇಡದ ಬ್ಯಾಕ್ಟೀರಿಯಾಗಳು ಅಡಿಯಲ್ಲಿ ಹೆಚ್ಚುತ್ತವೆ. ಸೋಮವಾರ ಬೆಳಿಗ್ಗೆ ಪಂಪು ಹಾಕಿದ ಕೂಡಲೇ ಕೊಳೆತ ಮೊಟ್ಟೆಯ ವಾಸನೆ ಇಡೀ ಶೆಡ್ಡನ್ನು ತುಂಬುತ್ತದೆ. ಬೇಸಿಗೆಯಲ್ಲಿ ನೀರು ಆವಿಯಾದಂತೆ ಗಡಸಾದ ಬೋರ್‌ವೆಲ್ ನೀರನ್ನೇ ಸುರಿದು ಮಟ್ಟ ತುಂಬುತ್ತಾರೆ, ಲವಣ ಸೇರುತ್ತಾ ಹೋಗಿ ಎಣ್ಣೆ-ನೀರಿನ ಎಮಲ್ಷನ್ ಒಡೆಯುತ್ತದೆ, ಜಾಬಿಗೆ ತುಕ್ಕು. ಆಪರೇಟರನ ಮುಂಗೈಯ ಚರ್ಮ ಕೆಂಪಾಗಿ ಸೀಳುತ್ತದೆ, ಎದ್ದ ಮಂಜು ಶ್ವಾಸಕೋಶಕ್ಕೆ ಹೋಗುತ್ತದೆ. ಇಂಥ ಮಂಜು ಒಟ್ಟು ಕಣಗಳ ಲೆಕ್ಕದಲ್ಲಿ ಘನ ಮೀಟರ್ ಗಾಳಿಗೆ ಅರ್ಧ ಮಿಲಿಗ್ರಾಂ ಮೀರಬಾರದು ಎಂದು ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ನಿಯೋಷ್ 1998ರಲ್ಲೇ ಹೇಳಿದೆ. ಅಳೆಯುವ ಶಾಪು ನಮ್ಮಲ್ಲಿ ಅಪರೂಪ.

ಈ ಕಾರಣಕ್ಕೇ ಎಂಕ್ಯೂಎಲ್, ಅಂದರೆ ಗಾಳಿಯ ಜೊತೆ ಎಣ್ಣೆಯ ಸೂಕ್ಷ್ಮ ಹನಿ ಕಳಿಸುವ ವಿಧಾನ, ಹೆಚ್ಚು ಗಮನಕ್ಕೆ ಅರ್ಹ. ಗಂಟೆಗೆ ಹತ್ತಾರು ಮಿಲಿಲೀಟರ್ ಎಣ್ಣೆಯಲ್ಲಿ ಕೆಲಸ ಮುಗಿಯುತ್ತದೆ, ಸಂಪೂ ಇಲ್ಲ, ವಿಲೇವಾರಿಯೂ ಇಲ್ಲ. ಅದು ತಣಿಸುವುದು ಕಡಿಮೆ, ಜಾರಿಸುವುದು ಹೆಚ್ಚು. ಹಾಗಾಗಿ ಟೈಟಾನಿಯಂಗೆ ನಂಬಲಾಗದು, ಆದರೆ ಅಲ್ಯೂಮಿನಿಯಂ ಮಿಲ್ಲಿಂಗಿಗೂ ಎಷ್ಟೋ ಡ್ರಿಲ್ಲಿಂಗಿಗೂ ಸಾಕು. ಮಂಜು ಹೀರುವ ಎಕ್ಸಾಸ್ಟ್ ಇಲ್ಲದೆ ಮಾತ್ರ ಅದನ್ನು ಹಾಕಬಾರದು. ಎಮಲ್ಷನ್ನೇ ಬೇಕಾದಲ್ಲಿ ವಾರಕ್ಕೆರಡು ಸಲ ರಿಫ್ರಾಕ್ಟೋಮೀಟರಿನಲ್ಲಿ ಹನಿ ಇಟ್ಟು ನೋಡಿ, ಬಂದ ಅಂಕಿಯನ್ನು ಆ ಎಣ್ಣೆಯ ಗುಣಕದಿಂದ ಗುಣಿಸಿ, ಸಾಂದ್ರತೆಯನ್ನು ತಯಾರಕರು ಹೇಳಿದ ಮಿತಿಯಲ್ಲಿಡಬೇಕು. ಮೇಲೆ ತೇಲುವ ಆಯಿಲನ್ನು ಶನಿವಾರ ಸಂಜೆ ಶಿಫ್ಟ್ ಮುಗಿಯುವ ಮುಂಚೆ ತೆಗೆಯಬೇಕು, ಸೋಮವಾರ ವಾಸನೆ ಬಂದ ಮೇಲಲ್ಲ. ಇದಕ್ಕೆ ಬೇಕಾದ ಅರ್ಧ ಗಂಟೆಯನ್ನು ಜಾಬಿನ ಕೊಟೇಶನ್ನಿನಲ್ಲಿಯೇ ಸೇರಿಸಿ ಕೊಡುವ ಮಾಲೀಕರು ಬೇಕಾಗಿದ್ದಾರೆ.