ದುಡಿತವೂ ಅಧ್ವಾನವೂ: ಇಬ್ಬರು ಮಾಷ್ಟ್ರುಗಳ ಆತ್ಮಕಥೆಗಳನ್ನು ಓದುತ್ತ

ಕಳೆದ ವರ್ಷ ಓಣಂ ರಜೆಗೆ ಬಂದ ಮೊಮ್ಮಗ ಒಂದು ಕಾಗದ ಹಿಡಿದುಕೊಂಡು ಚಾವಡಿಯಲ್ಲಿ ನನ್ನೆದುರು ಕುಳಿತ. ಶಾಲಾ ಕಲೋತ್ಸವದ 'ಪದ್ಯಂ ಚೊಲ್ಲಲ್' ಸ್ಪರ್ಧೆಗೆ ಅವನು ಬಾಯಿಪಾಠ ಮಾಡಬೇಕಾದದ್ದು ಪಿ. ಕುಞಿರಾಮನ್ ನಾಯರ 'ಕಳಿಯಚ್ಛನ್' ಕವಿತೆಯ ಒಂದು ಭಾಗ. "ಅಜ್ಜ, ಕಳಿಯಚ್ಛನ್ ಅಂದರೆ ಯಾರು?" ಎಂದು ಕೇಳಿದ. ಮೂವತ್ತೊಂದು ವರ್ಷ ಈ ಜಿಲ್ಲೆಯಲ್ಲಿ ಕನ್ನಡ ಕಲಿಸಿದ ನನಗೆ, ಇದೇ ಜಿಲ್ಲೆಯಲ್ಲಿ ಹುಟ್ಟಿದ ಕವಿಯ ಅತಿ ಪ್ರಸಿದ್ಧ ಕೃತಿಯ ಹೆಸರಿನ ಅರ್ಥ ಗೊತ್ತಿರಲಿಲ್ಲ. ನಾಳೆ ಹೇಳುತ್ತೇನೆ ಎಂದೆ. ಅಧ್ಯಾಪಕರು ಗೊತ್ತಿಲ್ಲದ್ದಕ್ಕೆ ಕೊಡುವ ಉತ್ತರ ಅದು.

ನನ್ನ ಮಲಯಾಳ ಬಸ್ಸಿನ ಬೋರ್ಡು, ರೇಷನ್ ಕಾರ್ಡು, ವಿಲ್ಲೇಜ್ ಆಫೀಸಿನ ಅರ್ಜಿಗಳ ಮಟ್ಟದ್ದು. ಆದರೂ ಹಟ ಹಿಡಿದು ಆ ಕವಿತೆಯನ್ನು ಓದಿದೆ. ಅದು ಅವರ ಆತ್ಮಕಥನ 'ಕವಿಯುಡೆ ಕಾಲ್ಪಾಡುಗಳ್' ತನಕ ನನ್ನನ್ನು ಎಳೆದುಕೊಂಡು ಹೋಯಿತು. ಮುಗಿಸಲು ನಾಲ್ಕು ತಿಂಗಳು ಬೇಕಾಯಿತು. ನಡುನಡುವೆ ಮಲಯಾಳ ಸಾಕೆನಿಸಿದಾಗ ಕಪಾಟಿನಿಂದ ಕೈಗೆ ತೆಗೆದುಕೊಂಡದ್ದು ಕಯ್ಯಾರ ಕಿಞ್ಞಣ್ಣ ರೈಗಳ 'ದುಡಿತವೆ ನನ್ನ ದೇವರು'. ಹೀಗೆ ಎರಡು ಪುಸ್ತಕಗಳು ಒಂದೇ ಮೇಜಿನ ಮೇಲೆ ಕೂಡಿಕೊಂಡದ್ದು ಆಕಸ್ಮಿಕ. ಈ ಲೇಖನ ಆ ಆಕಸ್ಮಿಕದ ಫಲ. ಇದನ್ನು ತೌಲನಿಕ ಅಧ್ಯಯನವೆಂದು ಯಾರೂ ಭಾವಿಸಬಾರದು.

ಬೆಳ್ಳಿಕೋತ್ ಕಾಞಂಗಾಡಿನ ಬಳಿ, ಚಂದ್ರಗಿರಿ ಹೊಳೆಯ ತೆಂಕಣ ಮಗ್ಗುಲಲ್ಲಿದೆ. ಪೆರಡಾಲ ಬದಿಯಡ್ಕದ ಬಳಿ, ಹೊಳೆಯ ಬಡಗಣಕ್ಕೆ. ಪಿ. ಹುಟ್ಟಿದ್ದು 1905ರಲ್ಲಿ, ಕಯ್ಯಾರರು 1915ರಲ್ಲಿ. ಇಬ್ಬರೂ ಹುಟ್ಟಿದಾಗ ಈ ನೆಲ ಮದರಾಸು ಆಧಿಪತ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು ಎಂಬುದು ಮಲಯಾಳಿ ಗೆಳೆಯರಿಗೆ ನಗು ತರಿಸೀತು. ಆದರೆ ಅದು ನಿಜ. ಇಬ್ಬರ ತಳಹದಿಯೂ ಸಂಸ್ಕೃತ. ಒಬ್ಬರು ಅದನ್ನು ಕಲಿತದ್ದು ಪಟ್ಟಾಂಬಿಯಲ್ಲಿ, ಇನ್ನೊಬ್ಬರು ನೀರ್ಚಾಲಿನ ಮಹಾಜನ ಸಂಸ್ಕೃತ ಪಾಠಶಾಲೆಯಲ್ಲಿ. ಇಬ್ಬರೂ ಭಾಷೆ ಕಲಿಸುವ ಮಾಷ್ಟ್ರುಗಳಾದರು. ಪಿ. ಕೂಡಾಳಿಯಲ್ಲೂ ಕೊಲ್ಲಂಗೋಡಿನಲ್ಲೂ ಕಲಿಸಿದರೆ, ಕಯ್ಯಾರರು ತಮ್ಮೂರಿನ ನವಜೀವನ ಹೈಸ್ಕೂಲಿನಲ್ಲಿ ಕಲಿಸಿದರು. ಸಾಮ್ಯ ಇಲ್ಲಿಗೆ ನಿಲ್ಲುತ್ತದೆ. ಕಯ್ಯಾರರು ನೆಟ್ಟ ಮರ: ಅಧ್ಯಾಪಕ, ಕೃಷಿಕ, ಪಂಚಾಯತು ಅಧ್ಯಕ್ಷ, 1969ರ ರಾಷ್ಟ್ರೀಯ ಅಧ್ಯಾಪಕ ಪ್ರಶಸ್ತಿ ವಿಜೇತ, 1997ರ ಮಂಗಳೂರು ಸಾಹಿತ್ಯ ಸಮ್ಮೇಳನದ ಅಧ್ಯಕ್ಷ. ನೂರು ವರ್ಷ ತುಂಬಿಸಿ 2015ರ ಆಗಸ್ಟಿನಲ್ಲಿ ತಮ್ಮ ಮಣ್ಣಿನಲ್ಲೇ ಕಣ್ಣು ಮುಚ್ಚಿದರು. ಪಿ. ಗಾಳಿಗೆ ಬಿಟ್ಟ ಹತ್ತಿ. ಊರಿಂದೂರಿಗೆ, ಉತ್ಸವದಿಂದ ಉತ್ಸವಕ್ಕೆ, ನಿಳಾ ನದಿಯ ದಂಡೆಯುದ್ದಕ್ಕೂ ಅಲೆದು, 1978ರಲ್ಲಿ ತಿರುವನಂತಪುರದ ಒಂದು ಛತ್ರದಲ್ಲಿ ತೀರಿಕೊಂಡರು.

ಮೊದಲು ಕಯ್ಯಾರರ ಪುಸ್ತಕದ ಹೆಸರಿನ ಬಗ್ಗೆ. ಈ ಹೆಸರನ್ನು ನಾವು ಸಭೆಗಳಲ್ಲಿ ಹೇಳಿ ಹೇಳಿ ಸವೆಸಿಬಿಟ್ಟಿದ್ದೇವೆ. ನಾನೇ ಎಷ್ಟೋ ವಾರ್ಷಿಕೋತ್ಸವಗಳಲ್ಲಿ ಮಕ್ಕಳ ಮುಂದೆ ಹೇಳಿದ್ದೇನೆ, ಪುಸ್ತಕವನ್ನು ಸರಿಯಾಗಿ ಓದುವ ಮೊದಲೇ. ಈ ಸಲ ಓದುವಾಗ ಎರಡು ಸಂಗತಿ ಕಣ್ಣಿಗೆ ಬಿತ್ತು. ಅವರು 'ಕಾಯಕ' ಎನ್ನಲಿಲ್ಲ. ಆ ಶಬ್ದ ಕೈಗೆಟಕುವಷ್ಟು ಹತ್ತಿರವೇ ಇತ್ತು. ಅದರ ಹಿಂದೆ ಎಂಟು ಶತಮಾನಗಳ ಗೌರವವೂ ಇತ್ತು. ಅದನ್ನು ಬಿಟ್ಟು 'ದುಡಿತ' ಎಂದರು. ದುಡಿತಕ್ಕೆ ಬೆವರಿನ ವಾಸನೆ ಇದೆ, ಕೂಲಿಯ ಲೆಕ್ಕ ಇದೆ, ತತ್ತ್ವದ ಹೊದಿಕೆ ಇಲ್ಲ. ಎರಡನೆಯದು 'ನನ್ನ' ಎಂಬ ಶಬ್ದ. ದುಡಿತವೇ ದೇವರು ಎಂದು ಲೋಕಕ್ಕೆ ಸಾರುವುದು ಸುಲಭ, ಸಾರುವವರು ದುಡಿಯಬೇಕೆಂದೂ ಇಲ್ಲ. ಅದು ತನ್ನ ದೇವರು ಎಂದವನು ಮಾತ್ರ ಸಿಕ್ಕಿಹಾಕಿಕೊಳ್ಳುತ್ತಾನೆ. ವೇದಿಕೆಗಳಲ್ಲಿ ನಾವು ಮೆಲ್ಲನೆ ನುಂಗಿದ್ದು ಆ 'ನನ್ನ' ಎಂಬುದನ್ನೇ.

ಕಯ್ಯಾರರ ಬರವಣಿಗೆಯ ಮಿತಿಯನ್ನೂ ಹೇಳಬೇಕು. ಅವರ ದನಿ ಯಾವಾಗಲೂ ಎದುರಿಗೆ ಜನ ಇದ್ದಾರೆಂಬ ದನಿ. ಪದ್ಯಗಳಲ್ಲಂತೂ ಕೆಲವೊಮ್ಮೆ ಮೈಕು ಕಾಣಿಸುತ್ತದೆ. ಕಾಸರಗೋಡಿನ ಪ್ರಶ್ನೆಯಲ್ಲಿ ಆ ದನಿ ಅಗತ್ಯವಾಗಿತ್ತು. 1956ರ ನವೆಂಬರ ಒಂದರಂದು ಮನೆ ಇದ್ದಲ್ಲೇ ಇದ್ದು ರಾಜ್ಯ ಬದಲಾದವರಿಗೆ ಪಿಸುಮಾತು ಸಾಲದು. ಆದರೆ ಸುಮ್ಮನೆ ಒಂದು ಮಧ್ಯಾಹ್ನ ಅಂಗಳದಲ್ಲಿ ಕುಳಿತು ಬಿಸಿಲು ನೋಡುವ ಕಯ್ಯಾರರನ್ನು ನಾನು ಹುಡುಕಿ ಹುಡುಕಿ ಸೋತೆ. ಅವರಲ್ಲಿ ಸೌಂದರ್ಯ ಇಲ್ಲವೆಂದಲ್ಲ, ಅದು ಕೆಲಸದ ಆಚೆಗೆ ಸಿಗುವುದಿಲ್ಲ ಅಷ್ಟೆ. ನಮ್ಮ ಕಡೆಯ ಸುರಂಗದ ನೀರಿನ ಹಾಗೆ. ನನ್ನ ತಂದೆ ಗುಡ್ಡೆಯ ಬದಿಯಲ್ಲಿ ಸುರಂಗ ತೋಡಿಸಿದಾಗ ನಾನು ಸಣ್ಣವ. ಒಬ್ಬನೇ ಮನುಷ್ಯ ಬಾಗಿ ನಡೆಯುವಷ್ಟು ಎತ್ತರದ ಬಿಲದೊಳಗೆ ಮೇಣದ ಬತ್ತಿ ಹಿಡಿದು ತಿಂಗಳುಗಟ್ಟಲೆ ಕೊರೆದವನು, ಮಣ್ಣು ಮುಟ್ಟಿ ನೋಡಿ ಇನ್ನೆಷ್ಟು ಕೋಲು ಎಂದು ಹೇಳುತ್ತಿದ್ದ. ನೀರು ಜಿನುಗಿದ ದಿನ ಅವನು ಅದರಲ್ಲಿ ಕೈ ಒಡ್ಡಿ ನಿಂತ ರೀತಿಯನ್ನು ನಾನು ಮರೆತಿಲ್ಲ. ಕಯ್ಯಾರರ ಸೌಂದರ್ಯ ಆ ನೀರು. ಪಿ.ಯವರದ್ದು ಹೊಳೆ. ಅದು ಮೊದಲೇ ಹರಿಯುತ್ತಿದೆ. ಕವಿ ಹೋಗಿ ದಂಡೆಯಲ್ಲಿ ನಿಲ್ಲಬೇಕು, ಅಷ್ಟೇ.

ಆ 'ಅಷ್ಟೇ' ಎಷ್ಟು ತುಟ್ಟಿಯದ್ದು ಎಂಬುದೇ 'ಕಾಲ್ಪಾಡುಗಳ್' ಪುಸ್ತಕದ ಕಥೆ. ಕಾಲ್ಪಾಡು ಎಂದರೆ ಹೆಜ್ಜೆಗುರುತು. ಇಸವಿ, ಕ್ರಮ, ಸಾಧನೆ ಯಾವುದನ್ನೂ ಅದರಲ್ಲಿ ಹುಡುಕಬೇಡಿ. ಗದ್ದೆ, ದೇವಸ್ಥಾನದ ಚೆಂಡೆ, ಓಣಂ ಹೂವು, ಸಂಜೆಯ ಬೆಳಕು ಒಂದರ ಮೇಲೊಂದು ಬಂದು ಬೀಳುತ್ತವೆ. ನನ್ನಂಥ ಕುಂಟು ಓದುಗನಿಗೆ ಉಸಿರು ಕಟ್ಟುತ್ತಿತ್ತು. ಅಲಂಕಾರ ಅತಿಯಾಯಿತು ಎಂದು ಪುಟದಂಚಿನಲ್ಲಿ ಪೆನ್ಸಿಲಿನಲ್ಲಿ ಬರೆದೆ, ವಾಚನಾಲಯದ ಪುಸ್ತಕವೆಂದು ನೆನಪಾಗಿ ಅಳಿಸಿದೆ. ಆದರೆ ಆ ಸಮೃದ್ಧಿಯ ನಡುವೆ ಒಂದು ಮುಳ್ಳು ಮತ್ತೆ ಮತ್ತೆ ಚುಚ್ಚುತ್ತದೆ. ಮನೆ ಬಿಟ್ಟು ಹೋದೆ, ಹೆಂಡತಿಯನ್ನು ಬಿಟ್ಟೆ, ಮಕ್ಕಳಿಗೆ ತಂದೆಯಾಗಲಿಲ್ಲ ಎಂಬ ಪಶ್ಚಾತ್ತಾಪ. ಅವರು ಮುಚ್ಚಿಡುವುದಿಲ್ಲ. ಅವರ ಇನ್ನೊಂದು ಆತ್ಮಕಥನದ ಹೆಸರೇ 'ಎನ್ನೆ ತಿರಯುನ್ನ ಞಾನ್', ನನ್ನನ್ನೇ ಹುಡುಕುವ ನಾನು.

ಇಲ್ಲಿ ನನ್ನ ಮಲಯಾಳಿ ಸಹೃದಯರೊಡನೆ ನನಗೆ ತಕರಾರಿದೆ. ಪಿ.ಯವರ ಅಲೆದಾಟವನ್ನು ಕಾವ್ಯಕ್ಕೆ ತೆತ್ತ ಬೆಲೆ ಎಂದು ಅವರು ಹೇಳುವುದನ್ನು ಕೇಳಿದ್ದೇನೆ. ತೆತ್ತವರು ಯಾರು? ಕವಿ ತೆತ್ತದ್ದು ಸ್ವಲ್ಪ. ಉಳಿದದ್ದನ್ನು ತೆತ್ತವರು ಮನೆಯಲ್ಲಿ ಕಾದು ಕುಳಿತ ಹೆಂಗಸರು. ಅವರು ಯಾರೂ ಪುಸ್ತಕ ಬರೆಯಲಿಲ್ಲ. ತಪ್ಪೊಪ್ಪಿಗೆಯೂ ಇಷ್ಟು ಸುಂದರವಾಗಿಬಿಟ್ಟರೆ ಓದುಗ ಕ್ಷಮಿಸಿಬಿಡುತ್ತಾನೆ. ಕ್ಷಮಿಸುವ ಹಕ್ಕು ಅವನಿಗೆ ಇಲ್ಲ.

ಇದನ್ನು ಬರೆದು ನನ್ನ ಹೆಂಡತಿಗೆ ಓದಿ ಹೇಳಿದೆ. ಅವಳು ಅಡಿಕೆ ಸುಲಿಯುತ್ತಿದ್ದವಳು ಕೈ ನಿಲ್ಲಿಸದೆ, "ನಿಮ್ಮ ಅಪ್ಪನ ಸುರಂಗದ ಕಥೆ ಬರೆದಿರಲ್ಲ, ಆ ಮಣ್ಣು ಹೊತ್ತು ಹೊರಗೆ ಹಾಕಿದ್ದು ಯಾರು ಅಂತ ಅತ್ತೆ ನನಗೆ ಹೇಳಿದ್ದಾರೆ" ಎಂದಳು. ಹೊತ್ತದ್ದು ನನ್ನ ತಾಯಿ. ಬಾಣಂತಿತನ ಮುಗಿದು ಮೂರು ತಿಂಗಳಾಗಿರಲಿಲ್ಲ. ಹಾಗಾದರೆ ಅಲೆದಾಡಿದ ಕವಿಯ ಮನೆಯಲ್ಲೂ ನೆಲೆನಿಂತ ರೈತನ ಮನೆಯಲ್ಲೂ ಲೆಕ್ಕಕ್ಕೆ ಬಾರದ ದುಡಿತ ಒಂದೇ ಕಡೆಯದ್ದು. ಮೇಲಿನ ಪ್ಯಾರಾವನ್ನು ಹೊಡೆದುಹಾಕಬೇಕೆಂದುಕೊಂಡೆ. ಇರಲಿ, ಇದೂ ಇರಲಿ.

ಇನ್ನು 'ಕಳಿಯಚ್ಛನ್'. 1959ರಲ್ಲಿ ಕೇರಳ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದ ಕೃತಿ ಇದು. ಕಳಿ ಎಂದರೆ ಇಲ್ಲಿ ಕಥಕಳಿ; ಕಳಿಯಚ್ಛನ್ ಎಂದರೆ ಮೇಳದ ಒಡೆಯ, ಗುರು, ಹಿಂದಿನಿಂದ ನೋಡಿದರೆ ದೇವರೂ ಹೌದು. ಹೆಸರು ಬಂದ ಕೂಡಲೇ ಸೊಕ್ಕಿ, ಗುರುವಿನ ಮಾತು ಮೀರಿ, ಕೊನೆಗೆ ಎಲ್ಲ ಕಳೆದುಕೊಂಡ ವೇಷಧಾರಿಯೊಬ್ಬನ ಅಳಲು ಅದು. ನಾನು ಇದನ್ನು ಓದಿದ್ದು ಶಿಕ್ಷಣದ ಕವಿತೆಯಾಗಿ. ಕಥಕಳಿ ಕಲಿಯುವ ಹುಡುಗ ಬೆಳಗಿನ ಜಾವ ಎದ್ದು ಕಣ್ಣಿನ ಸಾಧನೆ ಮಾಡುತ್ತಾನೆ. ಎಣ್ಣೆ ಹಚ್ಚಿದ ಮೈಯನ್ನು ಆಶಾನ್ ಕಾಲಿನಿಂದ ತುಳಿದು ಹದಗೊಳಿಸುತ್ತಾನೆ. ವರ್ಷಗಟ್ಟಲೆ ನಡೆಯುವ ಈ ದುಡಿತ ರಂಗದಲ್ಲಿ ಕಾಣುವುದಿಲ್ಲ, ಕಾಣುವುದು ಚೆಲುವು ಮಾತ್ರ. ದುಡಿತ ತಪ್ಪಿದರೆ ಚೆಲುವು ಕೈಬಿಡುತ್ತದೆ ಎಂಬುದನ್ನು ಬರೆದವರು ದುಡಿತದಿಂದ ಜೀವನಪೂರ್ತಿ ತಪ್ಪಿಸಿಕೊಂಡರೆಂದು ನಾವು ಹೇಳುವ ಪಿ. ಅವರೇ! ಅವರ ಅತ್ಯುತ್ತಮ ಕವಿತೆ ಅವರದೇ ಬದುಕಿನ ಮೇಲೆ ಕೊಟ್ಟ ತೀರ್ಪು. ಕಯ್ಯಾರರ ಯಾವ ಪದ್ಯವೂ ಕಯ್ಯಾರರ ಮೇಲೆ ಹೀಗೆ ತಿರುಗಿ ಬೀಳುವುದಿಲ್ಲ. ಕವಿಯಾಗಿ ಪಿ. ದೊಡ್ಡವರು ಎಂದು ಹೇಳಲು ನನಗೆ ಈಗ ಸಂಕೋಚವಿಲ್ಲ. ನೆರೆಮನೆಯವರಾಗಿ ಯಾರು ಬೇಕು ಎಂದರೆ ಕಯ್ಯಾರರೇ ಬೇಕು.

ಆದರೆ ಕಯ್ಯಾರರ ಲೆಕ್ಕ ಅಲ್ಲಿಗೆ ತೀರುವುದಿಲ್ಲ. ಮಹಾಜನ ವರದಿಯಂತೆ ಚಂದ್ರಗಿರಿಯ ಬಡಗಣ ನೆಲ ಕರ್ನಾಟಕಕ್ಕೆ ಸೇರಬೇಕೆಂದು ಕೊನೆಯ ತನಕ ವಾದಿಸಿದ ಈ ಮನುಷ್ಯ, ಕುಮಾರನ್ ಆಶಾನರ ಕಾವ್ಯವನ್ನು ಕನ್ನಡಕ್ಕೆ ತಂದವರು. ಮಲಯಾಳ ಸಾಹಿತ್ಯ ಚರಿತ್ರೆಯನ್ನು ಅನುವಾದಿಸಿದವರು. ನಾವು ಅವರ ಹೋರಾಟವನ್ನು ನೆನೆಯುತ್ತೇವೆ, ಈ ಕೂಲಿಯಿಲ್ಲದ ದುಡಿತವನ್ನು ನೆನೆಯುವುದಿಲ್ಲ. ನಾನು ಮೂವತ್ತೊಂದು ವರ್ಷ ಮಲಯಾಳವನ್ನು ವಿರೋಧಿಸುವುದೇ ಕನ್ನಡದ ಕೆಲಸವೆಂದು ನಂಬಿದ್ದವನು. ಆ ಭಾಷೆಯನ್ನು ಆಶಾನರ ತನಕ ಕಲಿತು ಆಮೇಲೆ ವಿರೋಧಿಸಿದವರ ಮುಂದೆ ನನ್ನದು ಬರೀ ಸೋಮಾರಿತನ.

ನನ್ನ ಕೊನೆಯ ವರ್ಷಗಳ ಕೆಲಸ ಏನಿತ್ತು ಎಂದು ಹೇಳಿಬಿಡುತ್ತೇನೆ. ಮೇ ತಿಂಗಳ ಬಿಸಿಲಿಗೆ ಮನೆಮನೆ ಹತ್ತಿ ಇಳಿದು ಕನ್ನಡ ಡಿವಿಷನಿಗೆ ಮಕ್ಕಳನ್ನು ಹುಡುಕುವುದು. ಜೂನಿನಲ್ಲಿ ತಲೆ ಎಣಿಕೆ. ಎಣಿಕೆ ಕಡಿಮೆಯಾದರೆ ಡಿವಿಷನ್ ಫಾಲ್, ಒಬ್ಬರ ಹುದ್ದೆ ಹೋಯಿತು. ಒಂದು ಮನೆಯಲ್ಲಿ ನನ್ನ ಹಳೆಯ ಶಿಷ್ಯೆಯೇ, "ಮಾಷ್ಟ್ರೇ, ನೀವು ಬಂದದ್ದು ಇವನಿಗೆ ಬೇಕಾಗಿಯೋ, ನಿಮ್ಮ ಪೋಸ್ಟಿಗೆ ಬೇಕಾಗಿಯೋ?" ಎಂದು ಕೇಳಿದಳು. ಬೆಲ್ಲ ನೀರು ಕೊಟ್ಟು, ನಗುತ್ತಲೇ ಕೇಳಿದಳು. ಉತ್ತರ ಹೊಳೆಯಲಿಲ್ಲ. ಅಂದು ಸಂಜೆ ತರಗತಿಯ ಹಾಜರಿ ಪುಸ್ತಕ ತೆರೆದು ಕುಳಿತಾಗ, ಆ ವರ್ಷ ಮಕ್ಕಳಿಗೆ ಒಂದು ಪದ್ಯವನ್ನಾದರೂ ರಾಗವಾಗಿ ಹೇಳಿಕೊಟ್ಟಿದ್ದೇನೆಯೆ ಎಂದು ಯೋಚಿಸಿದೆ. ಕೊಟ್ಟಿರಲಿಲ್ಲ. ಪುರಸೊತ್ತು ಎಲ್ಲಿತ್ತು? ಹುದ್ದೆ ಉಳಿಯಿತು, ಮರ್ಯಾದೆಯಿಂದ ನಿವೃತ್ತನಾದೆ. ನನ್ನ ಮಗನೇ ಕೆಲಸದ ನಿಮಿತ್ತ ಕಣ್ಣೂರಿಗೆ ಹೋಗಿ, ತನ್ನ ಮಗನನ್ನು ಮಲಯಾಳ ಮಾಧ್ಯಮಕ್ಕೆ ಸೇರಿಸಿದ. ಅವನನ್ನು ಬೈಯಲು ನನಗೆ ಬಾಯಿ ಬರಲಿಲ್ಲ.

ಮೊಮ್ಮಗ ಸ್ಪರ್ಧೆಯಲ್ಲಿ ಎ ಗ್ರೇಡ್ ಪಡೆದ. ಕ್ರಿಸ್‌ಮಸ್ ರಜೆಗೆ ಬಂದಾಗ ಅವನೇ ಮೇಜಿನ ಮೇಲಿದ್ದ ಕಯ್ಯಾರರ ಪುಸ್ತಕ ಎತ್ತಿಕೊಂಡು, ಮನೆಯಲ್ಲಿ ಕಲಿತ ಅಷ್ಟಿಷ್ಟು ಕನ್ನಡದಲ್ಲಿ ಅಕ್ಷರ ಕೂಡಿಸಿದ. ದು, ಡಿ, ತ, ವೆ. "ದುಡಿತ ಅಂದರೆ ಏನಜ್ಜ?"

ಈ ಸಲ ಗೊತ್ತಿತ್ತು. ಮಲಯಾಳದಲ್ಲೇ ಹೇಳಿದೆ: ಅಧ್ವಾನಂ. ಒಳಗಿನಿಂದ ಅವನ ಅಜ್ಜಿ, "ಅಧ್ವಾನವೇ ದೇವರೋ? ಸರಿಹೋಯಿತು, ಈ ಮನೆ ನೋಡಿದರೆ ಹಾಗೇ ಕಾಣುತ್ತದೆ" ಎಂದಳು. ಹುಡುಗನಿಗೆ ಅವಳು ಯಾಕೆ ನಕ್ಕಳೆಂದು ತಿಳಿಯಲಿಲ್ಲ. ಮಲಯಾಳದ ಬೆವರು ಕನ್ನಡದಲ್ಲಿ ಅವ್ಯವಸ್ಥೆಯಾಗುವುದನ್ನೂ, ಎರಡಕ್ಕೂ ಮೂಲವಾದ ಸಂಸ್ಕೃತದ 'ಅಧ್ವ' ಎಂದರೆ ಬರೀ ಹಾದಿ ಎಂಬುದನ್ನೂ ವಿವರಿಸಿದೆ. ಹಾಗಾದರೆ ಪಿ. ಮಾಷ್ ನಡೆದದ್ದೂ ಅಧ್ವಾನವೇ ಅಲ್ಲವೆ ಎಂದು ಅವನು ಕೇಳಿದ. ಯಾವ ಭಾಷೆಯ ಅರ್ಥದಲ್ಲಿ ಕೇಳಿದನೋ. ಮೊದಲ ಅಧ್ಯಾಯ ಓದಿ ಹೇಳು ಎಂದು ಪುಸ್ತಕ ನನ್ನ ಮಡಿಲಲ್ಲಿಟ್ಟ. ಕನ್ನಡಕ ಹುಡುಕಿ ತರಲು ಎದ್ದೆ.